ಗೋಡೆಯಾಚೆಯಿಂದ ಬಂದ ತಿಂಡಿ

ಬೆಳಗಿನ ಕಾಫಿ ಹಿಡಿದು ಕೃಷ್ಣಮೂರ್ತಿಪುರಂನ ನಮ್ಮ ಹಿತ್ತಲಲ್ಲಿ ನಿಂತಿದ್ದೆ. ಎಲ್ಲಿಂದಲೋ ಒಂದು ಪುಟ್ಟ ಬಸವನಹುಳು ಬಂದು ನನ್ನ ಭುಜದ ಮೇಲೆ ಬಿತ್ತು. ಕಿರುಚುವಷ್ಟರಲ್ಲಿ ಇನ್ನೆರಡು ಬಿದ್ದವು. ಹುಳುಗಳ ಕಾಟ ತಾಳಲಾರದೆ ಹೋದ ವಾರವಷ್ಟೇ ತಂದಿದ್ದ ಜೋಡಿ ಬಾತುಕೋಳಿಗಳು ಓಡಿಬಂದು ಮೂರನ್ನೂ ನುಂಗಿದವು.

ಸ್ಟೂಲು ಹತ್ತಿ ಕಾಂಪೌಂಡಿನಾಚೆ ಇಣುಕಿದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒದ್ದೆ ಪಂಚೆಯಲ್ಲಿ, ಬಕೆಟ್ ಹಿಡಿದು ನಿಂತಿದ್ದರು.

“ಕೊಲ್ಲೋಕೆ ಮನಸ್ಸು ಬರಲ್ಲ ಕಣಮ್ಮ. ನಿಮ್ಮ ಬಾತುಗಳಿಗಾದ್ರೂ ತಿಂಡಿ ಆಗ್ಲಿ ಅಂತ ಹಾಕ್ದೆ” ಎಂದರು.

“ಬಾತು ಬಂದು ಒಂದು ವಾರ ಸಾರ್. ನಮ್ಮ ಬಸಳೆ, ಸೇವಂತಿಗೆ ಎಲ್ಲಾ ಬೋಳಾಗಿ ಆರು ತಿಂಗಳಾಯ್ತು!”

ಮೇಷ್ಟ್ರು ತಲೆ ತಗ್ಗಿಸಿದರು. ಅವರ ಭುಜ ಕುಲುಕುವುದು ಕಂಡಾಗಲೇ ನಗುತ್ತಿದ್ದಾರೆಂದು ಗೊತ್ತಾಗಿದ್ದು. ನನಗೂ ಕೋಪ ಉಳಿಯಲಿಲ್ಲ. ಅಂದೇ ಬಾತುಗಳನ್ನು ಅವರ ಕೈತೋಟಕ್ಕೂ ಬಿಟ್ಟೆ.

ಈಗ ಎರಡೂ ಮನೆಯಲ್ಲಿ ಹುಡುಕಿದರೂ ಹುಳು ಸಿಗುವುದಿಲ್ಲ. ಬಾತುಗಳು ಮಾತ್ರ ಬೆಳಗ್ಗೆ ಆರಕ್ಕೇ ಗೋಡೆಯ ಬುಡದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತವೆ. ರೂಢಿ ಮಾಡಿಸಿದ ತಪ್ಪಿಗೆ, ಪಾಪ, ಮೇಷ್ಟ್ರು ವಾಕಿಂಗ್ ಬಿಟ್ಟು ಪಾರ್ಕಿನಲ್ಲಿ ಬಗ್ಗಿ ಬಗ್ಗಿ ಹುಳು ಆಯುತ್ತಿದ್ದಾರೆ.