ಲೂರ್ದೆಸ್ ಅಜ್ಜಿಯ ಕಿರೀಟ ನನ್ನ ತಲೆ ಮೇಲೆ

ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿ ಬಿಟ್ಟಾಗ ಬೆಳಗ್ಗೆ ಏಳೂವರೆ. ಎಂಬತ್ತೇಳನೇ ಇಸವಿ, ಜೂನ್ ತಿಂಗಳ ಒಂದು ಭಾನುವಾರ. ನಮ್ಮ ಹಳೇ ಟೊಯೋಟಾದಲ್ಲಿ ನಾಲ್ಕು ಜನ. ಸ್ಟೀರಿಂಗ್ ಹಿಂದೆ ನಮ್ಮನೆಯವರು ಶ್ರೀಧರ, ಪಕ್ಕದಲ್ಲಿ ಎಪ್ಪತ್ತು ದಾಟಿದ ಮ್ಯಾನುವೆಲ್ ಅಜ್ಜ. ಹಿಂದಿನ ಸೀಟಲ್ಲಿ ನಾನು, ನನ್ನ ಪಕ್ಕ ಅಜ್ಜನ ಹೆಂಡತಿ ಲೂರ್ದೆಸ್. ಲೂರ್ದೆಸ್ ಅಜ್ಜಿ ತೊಡೆ ಮೇಲೆ ಟವೆಲ್ಲಲ್ಲಿ ಸುತ್ತಿದ ಒಂದು ಪುಟ್ಟ ಪಾತ್ರೆ. ಏನಿದು ಅಂದ್ರೆ, "ಮಧ್ಯಾಹ್ನ ಗೊತ್ತಾಗತ್ತೆ, ಮಗಳೇ" ಅಂತ ನಕ್ಕರು.

ಅವರಿಬ್ಬರೂ ನಮ್ಮ ಪಕ್ಕದ ಮನೆಯೋರು. ಪೋರ್ಚುಗಲ್‌ನವರು. ನಾನು ಮೈಸೂರಿಂದ ಬಂದು ಎಂಟು ತಿಂಗಳಾಗಿತ್ತು, ವಯಸ್ಸು ಇಪ್ಪತ್ತು, ಡ್ರೈವಿಂಗ್ ಬರ್ತಿರ್ಲಿಲ್ಲ. ಇವರು ಆಫೀಸಿಗೆ ಹೋದ್ಮೇಲೆ ಇಡೀ ದಿನ ಅಪಾರ್ಟ್‌ಮೆಂಟಲ್ಲಿ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಒಂದಿನ ಬಟ್ಟೆ ಒಗೆಯೋ ರೂಮಲ್ಲಿ ಅಳ್ತಿದ್ದಾಗ ಈ ಅಜ್ಜಿ ಬಂದು ಕೈಗೆ ಒಂದು ಕಿತ್ತಳೆಹಣ್ಣು ಇಟ್ಟರು. ಅವತ್ತಿಂದ ದಿನಾ ಮಧ್ಯಾಹ್ನ ಅವರ ಮನೆ. ಅವರ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಅದಕ್ಕೇ ಚೆನ್ನಾಗಿ ಹೊಂದ್ಕೊಂಡ್ವಿ. ಅವರು ಟೇಬಲ್ ತೋರ್ಸಿ "ಮೇಜಾ" ಅಂದ್ರು. "ಅಯ್ಯೋ, ನಮ್ಮಲ್ಲೂ ಮೇಜೇ!" ಅಂದೆ. ಬೀಗದ ಕೈಗೆ "ಚಾವಿ" ಅಂದ್ರು. ಆಲೂಗೆಡ್ಡೆಗೆ ಬಟಾಟ. ಅಷ್ಟು ದಿನ ಪೋರ್ಚುಗೀಸರು ಅಂದ್ರೆ ಗೋವಾದಿಂದ ಓಡಿಸಿದ ಜನ ಅಂತ ಮಾತ್ರ ಗೊತ್ತಿತ್ತು ನಂಗೆ, ಹೈಸ್ಕೂಲ್ ಪುಸ್ತಕದ ಒಂದು ಪ್ಯಾರಾ.

"ಕರಾವಳಿ ಕಡೆ ಒಂದು ಊರಿದೆ" ಅಂದಿದ್ರು ಅಜ್ಜಿ. "ಮೂವತ್ತೈದು ಮೈಲಿ. ವರ್ಷಕ್ಕೊಂದಿನ ಅಲ್ಲಿ ಪೋರ್ಚುಗಲ್ ಇರತ್ತೆ. ಪಾಸ್‌ಪೋರ್ಟ್ ಬೇಡ, ಬಾ."

ಹೊರಡೋವಾಗ್ಲೇ ಇವರದು ಶುರುವಾಯ್ತು. "ಪದ್ದು, ಚರ್ಚಿಗೆ ಯಾರಾದ್ರೂ ಧರ್ಮಾವರಂ ಸೀರೆ ಉಡ್ತಾರೇನೇ?"

"ದೇವಸ್ಥಾನ ತಾನೇ ರೀ ಅದೂ. ನೀವು ಕ್ಯಾಮೆರಾ ತಗೊಂಡ್ರಾ ಹೇಳಿ ಮೊದ್ಲು."

ಹೊಸಾ ಕ್ಯಾಮೆರಾ. ಊರಿಗೆ ಫೋಟೋ ಕಳಿಸ್ಬೇಕಿತ್ತು ನಂಗೆ. ನಿಜ ಹೇಳ್ಬೇಕಂದ್ರೆ ನಾನು ಹೊರಟಿದ್ದೇ ಅದಕ್ಕೆ.

ಸ್ಯಾನ್ ಮಟೇಯೋ ಬ್ರಿಜ್ಜಿನ ಟೋಲು ಆಗ ಒಂದು ಡಾಲರ್ ಕೂಡ ಇರ್ಲಿಲ್ಲ. ಏಳು ಮೈಲಿ ನೀರಿನ ಮೇಲೆ. ಅಷ್ಟೂ ದೂರ ಅಜ್ಜಿ ಅವರ ದೇಶದ ಕಥೆ ಹೇಳಿದ್ರು. ಇಡೀ ಪೋರ್ಚುಗಲ್ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಅದರಲ್ಲೂ ಅಜ್ಜ-ಅಜ್ಜಿ ಹುಟ್ಟಿದ್ದು ಅಟ್ಲಾಂಟಿಕ್ ಮಧ್ಯೆ ಇರೋ ಒಂಬತ್ತು ದ್ವೀಪಗಳಲ್ಲಿ ಒಂದರಲ್ಲಿ. ಅಲ್ಲಿ ಜನಕ್ಕಿಂತ ಹಸು ಜಾಸ್ತಿಯಂತೆ. ಗದ್ದೆಗೆ ಬೇಲಿ ಅಂದ್ರೆ ನೀಲಿ ಹೂವಿನ ಗಿಡಗಳಂತೆ. ಭೂಮಿ ನಡುಗತ್ತೆ, ಬೆಟ್ಟ ಬೆಂಕಿ ಉಗುಳತ್ತೆ, ಜನ ಹಡಗು ಹತ್ತಿ ಕ್ಯಾಲಿಫೋರ್ನಿಯಾಗೆ ಬಂದು ಮತ್ತೆ ಹಸುವಿನ ಹಾಲೇ ಕರೀತಾರೆ. ಮ್ಯಾನುವೆಲ್ ಅಜ್ಜ ಮುಂದಿಂದ ತಿರುಗಿ, "ಸಮುದ್ರ ದಾಟಿದ್ದು ನಾನು, ಕೆಚ್ಚಲು ಮಾತ್ರ ಅದೇ" ಅಂದ್ರು. ಇವರು ಎಷ್ಟು ನಕ್ಕರು ಅಂದ್ರೆ ಕಾರು ಪಕ್ಕದ ಲೇನಿಗೆ ಹೋಗೋದ್ರಲ್ಲಿತ್ತು.

ಆಮೇಲೆ ಹಬ್ಬದ ಕಥೆ. ಹಿಂದೆ ಅವರ ದೇಶದಲ್ಲಿ ಬರ ಬಂತಂತೆ. ರಾಣಿಯೊಬ್ಬಳು ಕಿರೀಟ ಕೊಟ್ಟುಬಿಡ್ತೀನಿ, ನನ್ನ ಜನಕ್ಕೆ ಅನ್ನ ಕೊಡು ಅಂತ ದೇವರಿಗೆ ಹರಕೆ ಹೊತ್ತಳಂತೆ. ಧಾನ್ಯ ತುಂಬಿದ ಹಡಗು ಬಂತಂತೆ. ಅವಳು ಕಿರೀಟ ತೆಗೆದು ಬಡವರ ತಲೆ ಮೇಲಿಟ್ಟಳಂತೆ. ಅದಕ್ಕೇ ಇವತ್ತಿಗೂ ಆ ದಿನ ಒಂದು ಬೆಳ್ಳಿ ಕಿರೀಟ ಸಾಮಾನ್ಯ ಜನರ ತಲೆ ಮೇಲೆ ಬರತ್ತೆ, ಬಂದವರಿಗೆಲ್ಲ ಊಟ.

ಆ ಕಿರೀಟವನ್ನ ನಾನು ಆಗಲೇ ನೋಡಿದ್ದೆ. ಹಬ್ಬದ ಹಿಂದಿನ ವಾರ ಸರದಿ ಪ್ರಕಾರ ಅದು ಅಜ್ಜಿ ಮನೇಲಿತ್ತು. ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಬಟ್ಟೆ ಹಾಸಿ, ಹೂವಿಟ್ಟು, ದೀಪ ಹಚ್ಚಿ, ತುತ್ತತುದೀಲಿ ಕಿರೀಟ ಕೂರಿಸಿದ್ರು. ಥೇಟ್ ನಮ್ಮ ದಸರಾ ಗೊಂಬೆ ಕೂರಿಸಿದ ಹಾಗೆ. ಕಿರೀಟದ ಮೇಲೊಂದು ಬೆಳ್ಳಿ ಪಾರಿವಾಳ. ಹಿಂದಿನ ವರ್ಷ ಮ್ಯಾನುವೆಲ್ ಅಜ್ಜನಿಗೆ ಹಾರ್ಟ್ ಆಪರೇಶನ್ ಆಗಿತ್ತು. "ಇವನು ಆಸ್ಪತ್ರೆಯಿಂದ ತನ್ನ ಕಾಲ ಮೇಲೆ ನಡ್ಕೊಂಡು ಬಂದ್ರೆ ನಾನು ಬರಿಗಾಲಲ್ಲಿ ಹೋಗಿ ಕಿರೀಟ ಇಡಿಸ್ಕೋತೀನಿ ಅಂತ ಹೇಳ್ಕೊಂಡಿದ್ದೆ" ಅಂದಿದ್ರು. ಇದನ್ನೆಲ್ಲ ನನಗೆ ಹೇಳಿದ್ರು. ಗೊತ್ತಿರ್ಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ.

ಬೆಟ್ಟ ಇಳಿದಾಗ ಮಂಜು. ಯೂನಿಯನ್ ಸಿಟೀಲಿ ಬಿಸಿಲಿತ್ತು, ಇಲ್ಲಿ ಹಲ್ಲು ಕಟಕಟ. ಹಾಫ್ ಮೂನ್ ಬೇ ತಲುಪಿದಾಗ ಮೆರವಣಿಗೆ ಹೊರಟಿತ್ತು. ಬ್ಯಾಂಡು, ಕೆಂಪು ಬಾವುಟ, ಹದಿನೈದರ ಒಬ್ಬಳು ಹುಡುಗಿ ಆ ವರ್ಷದ ರಾಣಿ. ಅವಳ ಮಖಮಲ್ಲಿನ ನಿಲುವಂಗಿ ರಸ್ತೇಲಿ ಹತ್ತು ಅಡಿ ಎಳೀತಿತ್ತು, ಹಿಂದೆ ಸಣ್ಣ ಹುಡುಗೀರು ಅದನ್ನ ಹಿಡ್ಕೊಂಡು ನಡೀತಿದ್ರು. ಚರ್ಚಿನ ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟೆ. ಅಲ್ಲಿ ಬೇರೆ ಒಂದು ಜೊತೇನೂ ಇರ್ಲಿಲ್ಲ.

"ಹಾಕ್ಕೊಳೇ, ಎಲ್ಲರೂ ನೋಡ್ತಿದ್ದಾರೆ" ಅಂದ್ರು ಇವರು.

"ನೋಡ್ಲಿ ಬಿಡಿ. ದೇವರ ಮುಂದೆ ಚಪ್ಪಲಿ ನನಗಾಗಲ್ಲ."

ಪೂಜೆ ಒಂದು ಗಂಟೆ ನಡೀತು. ಇವರು ಕ್ಯಾಮೆರಾ ಹಿಡ್ಕೊಂಡು ಮುಂದೆ ಒಂದು ಪಕ್ಕದಲ್ಲಿ ನಿಂತಿದ್ರು. ಕೊನೇಲಿ ಪಾದ್ರಿಗಳು ಕಿರೀಟ ಎತ್ತಿ ರಾಣಿ ಹುಡುಗಿ ತಲೆ ಮೇಲಿಟ್ಟು ತೆಗೆದ್ರು. ಆಮೇಲೆ ಹರಕೆಯವರ ಸರದಿ. ಆ ವರ್ಷ ಮೂರು ಜನ. ಪಾದ್ರಿಗಳು ಬೇರೆ ಊರಿಂದ ಬಂದೋರು, ಯಾರ ಮುಖವೂ ಗೊತ್ತಿಲ್ಲ. ಒಬ್ಬ ಮುದುಕ ಹೋದ, ಒಬ್ಬ ಹೆಂಗಸು ಹೋದ್ಲು, ಇಬ್ಬರೂ ಬರಿಗಾಲಲ್ಲಿ. ಮೂರನೆಯವರು ನಮ್ಮಜ್ಜಿ. ಅವರು ಬೆಂಚಿನಿಂದ ಎದ್ದು, ನಡುವಿನ ದಾರೀಲಿ ಬಗ್ಗಿ ಶೂ ಬಿಚ್ಚೋಕೆ ಒದ್ದಾಡ್ತಿದ್ರು. ಮಂಡಿ ನೋವು, ಬಕಲ್ಲು ಬಿಗಿ.

ಈಗ ನನ್ನ ಕಥೆ. ನಾನು ಅಯ್ಯಂಗಾರ್ ಮನೆ ಹುಡುಗಿ. ನಮ್ಮ ದೇವಸ್ಥಾನದಲ್ಲಿ ಅರ್ಚಕರು ಶಠಾರಿ ಅಂತ ಒಂದನ್ನ ಎಲ್ಲರ ತಲೆ ಮೇಲೂ ಇಡ್ತಾರೆ. ಬೆಳ್ಳೀದು, ಕಿರೀಟದ ಥರಾನೇ, ಮೇಲೆ ದೇವರ ಪಾದ. ಅದು ಕಂಡ್ರೆ ಸಾಕು, ಕಾಲು ತಾನಾಗೇ ಮುಂದೆ ಹೋಗತ್ತೆ, ಬಲಗೈ ಬಾಯಿಗೆ ಅಡ್ಡ ಬರತ್ತೆ, ತಲೆ ಬಗ್ಗತ್ತೆ. ಅವತ್ತೂ ಹೋಯ್ತು. ಬಗ್ಗಿದ್ದ ಅಜ್ಜಿಯನ್ನ ದಾಟ್ಕೊಂಡು ಹೋಗಿ ತಲೆ ಬಗ್ಗಿಸಿ ನಿಂತೆ. ಪಾದ್ರಿಗಳು ನನ್ನ ಕಾಲು ನೋಡಿದ್ರು. ಬರಿಗಾಲು. ಕಿರೀಟ ಇಟ್ಟರು. ತಣ್ಣಗಿತ್ತು, ಭಾರ ಇತ್ತು. ಮೂರಾಯ್ತು ಅಂತ ಅದನ್ನ ವಾಪಸ್ ತಟ್ಟೇಲಿಟ್ಟು ಕೈ ಎತ್ತಿ ಎಲ್ಲರಿಗೂ ಕೊನೇ ಆಶೀರ್ವಾದ ಮಾಡಿದ್ರು, ಬ್ಯಾಂಡು ಶುರುವಾಯ್ತು, ಜನ ಎದ್ದು ನಿಂತ್ರು.

ತಿರುಗಿ ನೋಡಿದ್ರೆ ಲೂರ್ದೆಸ್ ಅಜ್ಜಿ ದಾರಿ ಮಧ್ಯೆ. ಒಂದು ಕಾಲಲ್ಲಿ ಶೂ, ಇನ್ನೊಂದು ಶೂ ಕೈಯಲ್ಲಿ.

ಅವರು ಕೂಗಬಹುದಿತ್ತು. ಒಂದು ಮಾತು ಸಾಕಿತ್ತು. ಬದಲಿಗೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ರು.

ಹೊರಗೆ ಬಂದ್ರೆ ಕಮಿಟಿ ಯಜಮಾನ ಕಾಯ್ತಾ ನಿಂತಿದ್ದ, ಎದೆ ಮೇಲೆ ಕೆಂಪು ರಿಬ್ಬನ್ನು. ಸುತ್ತ ಹತ್ತು ಹೆಂಗಸರು. "ಯಾರು ಹೇಳಿದ್ರು ನಿನಗೆ ಮೇಲೆ ಹೋಗು ಅಂತ? ಇದೇನು ಫೋಟೋ ಸ್ಟುಡಿಯೋನಾ?"

ತಪ್ಪಾಯ್ತು, ನಮ್ಮ ಕಡೆ ಹೀಗೊಂದು ಅಭ್ಯಾಸ ಅಂತ ಹೇಳಿದ್ರೆ ಮುಗೀತಿತ್ತು. ಆದ್ರೆ ಅಷ್ಟು ಜನ ನನ್ನನ್ನೇ ನೋಡ್ತಿದ್ರು, ಇವರ ಮುಖ ಕೆಂಪಗಾಗಿತ್ತು. ನನ್ನ ಬಾಯಿಂದ ಬಂದಿದ್ದು: "ಲೂರ್ದೆಸ್ ಅಜ್ಜಿ ಹೇಳಿದ್ರು."

ಹೆಂಗಸರೆಲ್ಲ ಅಜ್ಜಿ ಕಡೆ ತಿರುಗಿದ್ರು. ಅವರ ಊರ ಜನ, ನಲವತ್ತು ವರ್ಷದ ಪರಿಚಯ. ಅಜ್ಜಿ ನನ್ನನ್ನೊಮ್ಮೆ ನೋಡಿದ್ರು, ಆಮೇಲೆ ಆ ಯಜಮಾನನ್ನ.

"ಹೌದು, ನಾನೇ ಹೇಳಿದ್ದು" ಅಂದ್ರು.

"ಹರಕೆ ಅಂದ್ರೆ ಆಟ ಅಂದ್ಕೊಂಡ್ಯಾ, ಲೂರ್ದೆಸ್?" ಅಂದ ಅವನು. ಒಬ್ಬ ಹೆಂಗಸು ಪೋರ್ಚುಗೀಸಲ್ಲಿ ಏನೋ ಅಂದ್ಲು, ಇನ್ನೊಬ್ಬಳು ಮುಖ ತಿರುಗಿಸ್ಕೊಂಡ್ಲು. ಅಜ್ಜಿ ಬಗ್ಗಿ ಶೂ ಹಾಕ್ಕೊಂಡ್ರು. ಈ ಸಲ ಬಕಲ್ಲು ನಾನು ಹಾಕಿಕೊಟ್ಟೆ. ಅಷ್ಟೇ ಮಾಡಿದ್ದು ನಾನು.

ಊಟದ ಹಾಲಲ್ಲಿ ಉದ್ದುದ್ದ ಮೇಜುಗಳು. ಟಿಕೆಟ್ ಇಲ್ಲ, ಯಾರು ಬಂದ್ರೂ ಊಟ. ದೊಡ್ಡ ಬಟ್ಟಲಲ್ಲಿ ದಪ್ಪ ಬ್ರೆಡ್ಡು, ಮೇಲೆ ಪುದೀನ, ಅದರ ಮೇಲೆ ದನದ ಮಾಂಸದ ಬಿಸಿ ಸಾರು. ನಾನು ಕೈ ಕಟ್ಕೊಂಡು ಕೂತೆ. ಅಜ್ಜಿ ಆ ಟವೆಲ್ ಬಿಚ್ಚಿದ್ರು. ಪಾತ್ರೇಲಿ ಎಲೆಕೋಸು, ಪುದೀನ, ಬೆಳ್ಳುಳ್ಳಿ ಹಾಕಿದ ತಿಳಿ ಸಾರು.

"ಮಾಂಸ ಇಲ್ಲ. ಹೊಸ ಪಾತ್ರೆ, ಯಾವತ್ತೂ ಮಾಂಸ ಬೇಯಿಸಿಲ್ಲ ಇದ್ರಲ್ಲಿ" ಅಂದ್ರು. "ತಿನ್ನು. ಇವತ್ತು ಯಾರೂ ಹಸ್ಕೊಂಡಿರಬಾರದು."

ತಿಂದೆ. ರುಚಿ ಕೇಳ್ಬೇಡಿ, ನೆನಪಿಲ್ಲ. ನಮ್ಮ ಮೇಜಿಗೆ ಬೇರೆ ಯಾರೂ ಬಂದು ಕೂರ್ಲಿಲ್ಲ ಅನ್ನೋದು ನೆನಪಿದೆ.

ನಾಲ್ಕು ಗಂಟೆಗೆ ವಾಪಸ್ ಹೊರಟ್ವಿ. ಬ್ರಿಜ್ಜಿನ ಮೇಲೆ ಅಜ್ಜಿ ಮೆಲ್ಲಗೆ ಕೇಳಿದ್ರು. "ಕಿರೀಟ ತಲೆ ಮೇಲಿದ್ದಾಗ ಏನು ಕೇಳ್ಕೊಂಡೆ, ಮಗಳೇ?"

ನಿಜ ಏನು ಅಂದ್ರೆ, ಇವರು ಫೋಟೋ ತೆಗೆದ್ರೋ ಇಲ್ವೋ ಅಂತ ಯೋಚಿಸ್ತಿದ್ದೆ. ಅಷ್ಟೇ.

"ಮ್ಯಾನುವೆಲ್ ಅಜ್ಜ ಚೆನ್ನಾಗಿರ್ಲಿ ಅಂತ" ಅಂದೆ.

ಅಜ್ಜಿ ನನ್ನ ಕೈ ತಗೊಂಡು ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡ್ರು. ಕಣ್ಣಲ್ಲಿ ನೀರು. "ಹಾಗಾದ್ರೆ ಹರಕೆ ತೀರ್ತು" ಅಂದ್ರು. "ಯಾರ ತಲೆ ಆದ್ರೇನು." ಯೂನಿಯನ್ ಸಿಟಿ ಬರೋವರೆಗೂ ಕೈ ಬಿಡ್ಲಿಲ್ಲ. ಮುಂದಿನ ಸೀಟಲ್ಲಿ ಮ್ಯಾನುವೆಲ್ ಅಜ್ಜ ಗೊರಕೆ ಹೊಡೀತಿದ್ರು.

ಒಂದೇ ದಿನ ಎರಡು ಸುಳ್ಳು. ಮೊದಲನೇದು ಅವರ ಮರ್ಯಾದೆ ತೆಗೀತು. ಎರಡನೇದಕ್ಕೆ ಅವರು ದಾರಿಯುದ್ದಕ್ಕೂ ನನ್ನ ಕೈ ಹಿಡ್ಕೊಂಡ್ರು. ಯಾವುದು ಕೆಟ್ಟದ್ದು ಅಂತ ನಂಗೆ ಇನ್ನೂ ಗೊತ್ತಿಲ್ಲ. ಆಗಸ್ಟಲ್ಲಿ ನಾವು ಮನೆ ಬದಲಾಯಿಸಿದ್ವಿ, ಬ್ರಿಜ್ಜು ದಾಟಿ ಆ ಕಡೆಗೆ. ಅರ್ಧ ಗಂಟೆ ದಾರಿ. ಹೋಗಿ ನಿಜ ಹೇಳ್ಬೇಕು ಅಂತ ಎಷ್ಟೋ ಭಾನುವಾರ ಅಂದ್ಕೊಂಡೆ. ಹೋಗ್ಲಿಲ್ಲ. ಬದಲಿಗೆ ಕನ್ನಡದೋರ ಪಾಟ್‌ಲಕ್ ಊಟಗಳಲ್ಲಿ ಇದನ್ನ ಜೋಕ್ ಮಾಡ್ಕೊಂಡು ಹೇಳ್ದೆ. "ಪೋರ್ಚುಗಲ್ ರಾಣಿ ಆಗಿದ್ದೆ ಕಣ್ರೀ, ಎರಡು ಸೆಕೆಂಡು!" ಎಲ್ಲರೂ ಬಿದ್ದು ಬಿದ್ದು ನಗ್ತಿದ್ರು. ಶೂ ವಿಷಯ ಯಾವತ್ತೂ ಹೇಳ್ಲಿಲ್ಲ.

ಮೊನ್ನೆ ಮಗಳು ಹಳೇ ಆಲ್ಬಮ್ಮಿಂದ ಆ ಫೋಟೋ ಸ್ಕ್ಯಾನ್ ಮಾಡಿ ಎಲ್ಲ ಕಡೆ ಹಾಕಿದ್ಲು, ಮೇಲೆ "ಕ್ವೀನ್ ಅಮ್ಮ" ಅಂತ ಬರೆದು. ಇವರು ಅವತ್ತು ತೆಗೆದೇ ಇದ್ರು. ನೀವೆಲ್ಲ ಹಾರ್ಟು ಒತ್ತಿದ್ರಿ. ಅದಕ್ಕೇ ಇಷ್ಟುದ್ದ ಬರೆದಿದ್ದು. ಇನ್ನೊಂದ್ಸಲ ಆ ಫೋಟೋ ತೆಗೆದು ನೋಡಿ. ನನ್ನ ಸೀರೆ ಬಿಡಿ, ಕಿರೀಟ ಬಿಡಿ. ನನ್ನ ಹಿಂದೆ, ಎಡಗಡೆ, ಸ್ವಲ್ಪ ಮಬ್ಬಾಗಿ, ಕಪ್ಪು ಬಟ್ಟೆ ಹಾಕ್ಕೊಂಡು ಒಬ್ಬರು ಬಗ್ಗಿದ್ದಾರೆ. ಅವರು ಇನ್ನೂ ತಲೆ ಎತ್ತಿಲ್ಲ. ನನ್ನನ್ನ ಇನ್ನೂ ನೋಡಿಲ್ಲ. ತಮ್ಮ ಸರದಿ ಇದೆ ಅಂದ್ಕೊಂಡೇ ಬಕಲ್ಲು ಬಿಚ್ತಿದ್ದಾರೆ.