ಸಂಜೆ ನಮ್ಮ ಅಂಗಡಿಗೆ ಫೋನ್ ಮಾಡಿದರೆ

“ಕರದಂಟು ನಿಮಗ ಹೇಳಿದ್ರ ಆತಲ್ರಿ, ಅಕ್ಕಾರ?” ಎಂದರು ಸಂಜೆ ನಮ್ಮ ಮನೆಗೆ ಬಂದಿದ್ದ ನನ್ನ ತಂಗಿಯ ಗಂಡ. ಮೂಡಲಗಿಯ ಅವರ ಮನೆಯಲ್ಲಿ ಬರುವ ಸೋಮವಾರ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ನಾನು ಗೋಕಾಕದ ಕರದಂಟಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಆದರೆ ಆರ್ಡರು ಈಗ ನನ್ನ ಕೈಯಲ್ಲಿಲ್ಲ ಎಂದೆ. ಹೇಳುವಾಗ ಮುಖ ಚಿಕ್ಕದಾಯಿತು.

ಮೊದಲು ಕರದಂಟಿನ ಡಬ್ಬಿಯ ಮೇಲೆ ಆರ್ಡರಿಗೆಂದು ನನ್ನ ನಂಬರೇ ಇತ್ತು. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಕೈಯಲ್ಲೇ ಗಿರಾಕಿಗಳ ಫೋನು ಎತ್ತುತ್ತಿದ್ದೆ. ಯುಗಾದಿಯ ನಂತರ ಅಂಗಡಿಯ ಮಾಲೀಕರಾದ ಸಾವುಕಾರರು ಆ ನಂಬರು ತೆಗೆಸಿ, ಅಂಗಡಿಗೇ ಬೇರೆ ಫೋನು ತಂದರು. ಕಾರಣ ಹೇಳಲಿಲ್ಲ. ನನ್ನ ಮೇಲಿನ ನಂಬಿಕೆ ಹೋಗಿದೆ, ಇಂದಲ್ಲ ನಾಳೆ ಕೆಲಸದಿಂದ ಬಿಡಿಸುತ್ತಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

“ಹಂಗಾದ್ರ ಅಂಗಡಿಗೇ ಹಚ್ಚತೀನಿ ತಡೀರಿ,” ಎಂದು ಅವರು ಸ್ಪೀಕರ್ ಹಾಕಿದರು. ಹೊತ್ತು ಮುಳುಗಿತ್ತು, ಅಂಗಡಿ ಮುಚ್ಚಿತ್ತು. ಆದರೂ ಫೋನಿನಲ್ಲಿ ಸಾವುಕಾರರದೇ ದನಿ ಕೇಳಿತು, ಮೊದಲೇ ರೆಕಾರ್ಡ್ ಮಾಡಿಟ್ಟದ್ದು:

“ಶರಣ್ರಿ. ಅಂಗಡಿ ಬಂದ್ ಆಗೇತಿ. ನಮ್ಮ ಹೆಣ್ಣಮಕ್ಕಳು ಮುಂಜಾನಿಂದ ದುಡದು ಈಗ ಮನಿ ಮುಟ್ಯಾರ, ನಾಕ ತುತ್ತ ನೆಮ್ಮದಿಲೆ ಉಣ್ಣಲಿ. ನಿಮ್ಮ ಆರ್ಡರ್ ಇಲ್ಲೇ ಹೇಳಿ ಇಡ್ರಿ, ನಾಳೆ ನಾವ ಫೋನ್ ಹಚ್ಚತೇವಿ.”

ತಂಗಿಯ ಗಂಡ “ಎರಡ ಕಿಲೋರಿ” ಎಂದು ಮೆಲ್ಲಗೆ ಹೇಳಿ ಇಟ್ಟರು. ನಾನು ಸಂಜೆ ಹೊತ್ತು ಅಂಗಡಿಗೆ ಎಂದೂ ಫೋನ್ ಮಾಡಿದವಳಲ್ಲ. ಹುಕ್ಕೇರಿ, ಘಟಪ್ರಭಾದ ಗಿರಾಕಿಗಳೆಲ್ಲ ಕೇಳಿದ ಮಾತು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಈಗ ರೊಟ್ಟಿ ಬಡಿಯುವಾಗ ನನ್ನ ಫೋನು ಸುಮ್ಮನೆ ಬಿದ್ದಿರುತ್ತದೆ. ಅತ್ತ ಮುಚ್ಚಿದ ಅಂಗಡಿಯ ಫೋನಿನಲ್ಲಿ ಸಾವುಕಾರರ ದನಿ ಯಾರಿಗೋ ನನ್ನ ಊಟದ ಹೊತ್ತಾಯಿತೆಂದು ಹೇಳುತ್ತಿರುತ್ತದೆ.