ಅತ್ತೆ ಮುಚ್ಚಿಸಿದ ಕಿಂಡಿ

ನನ್ನ ಸೋದರತ್ತೆ ಕಾಳಿನ ಗೋದಾಮಿನಲ್ಲಿ ಕಸ ಗುಡಿಸುವವಳು. ನಾನು ಅಲ್ಲೇ ಚೀಲ ಹೊಲಿಯುತ್ತೇನೆ. ಬೈಗುಳದಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇಲ್ಲ; ಬಾವಲಿಗಳ ಮಾತು ಬಂದರೆ ಮಾತ್ರ ಬೆಣ್ಣೆ. ಹೆತ್ತ ಒಂದೇ ಕೂಸು ಹಾಲು ಬಿಡುವ ಮೊದಲೇ ಹೋಗಿತ್ತು. ಆ ಕರುಳೆಲ್ಲ ಎಲ್ಲಿಗಾದರೂ ಹರಿಯಬೇಕಲ್ಲ, ಗೋದಾಮಿನ ಅಟ್ಟಕ್ಕೆ ಹರಿಯಿತು.

ಬೇಸಿಗೆ ಬಂತೆಂದರೆ ಹೆಣ್ಣು ಬಾವಲಿಗಳೆಲ್ಲ ಹೆರಲು ಆ ಅಟ್ಟ ಸೇರುತ್ತಿದ್ದವು. ಗೋಡೆಯ ತುದಿಯ ಕಿಂಡಿಯೇ ಅವುಗಳ ಬಾಗಿಲು. ಇಲಿಯ ಹಾಗೆ ಸೂಲಿನ ಮೇಲೆ ಸೂಲಲ್ಲ, ವರ್ಷಕ್ಕೊಂದೇ ಮರಿ; ಅದರಲ್ಲೂ ಎಷ್ಟೋ ಮರಿಗಳು ಮೊದಲ ಚಳಿಗಾಲ ದಾಟುತ್ತಿರಲಿಲ್ಲ. ಆದರೂ ಗುಂಪು ಕರಗಿರಲಿಲ್ಲ, ಏಕೆಂದರೆ ತಾಯಂದಿರು ಗಟ್ಟಿ ಪಿಂಡಗಳು. ಕಿವಿ ಹರಿದ ಒಂದು ಬಾವಲಿಯಂತೂ ನನಗೆ ಹಾಲುಹಲ್ಲು ಇದ್ದಾಗಿನಿಂದ ಬರುತ್ತಿತ್ತು. ಅತ್ತೆ ಅದನ್ನು ಹರಕಿ ಎಂದು ಕರೆಯುತ್ತಿದ್ದಳು.

ಮರಿ ಕೆಳಗೆ ಬಿದ್ದರೆ ಅತ್ತೆ ಪೊರಕೆಯ ಕೋಲಿಗೆ ಗೋಣಿಬಟ್ಟೆ ಸುತ್ತಿ, ಮರಿಯನ್ನು ಅದಕ್ಕೆ ಕಚ್ಚಿಸಿ ಮೇಲೆತ್ತಿ ಹಿಡಿಯುತ್ತಿದ್ದಳು. ತಾಯಿ ಇಳಿದು ಬಂದು ಹೊಟ್ಟೆಗೆ ಅವಚಿಕೊಂಡು ಹಾರುತ್ತಿತ್ತು.

“ನೋಡೇ, ಹೆಂಗೆ ಹೊತ್ಕೊಂಡು ಹೋಗ್ತಾಳೆ! ನಿಮ್ಮಮ್ಮ ನಿನ್ನ ಬೀದಿ ಕೊನೆವರೆಗೂ ಎತ್ಕೊಂಡೋಳಲ್ಲ” ಎಂದು ನನ್ನನ್ನು ಛೇಡಿಸುತ್ತಿದ್ದಳು.

ಒಂದು ವರ್ಷ, ಹಿಕ್ಕೆ ಬಿದ್ದಿದೆಯೆಂದು ಗಿರಾಕಿ ಕಾಳು ವಾಪಸು ಕಳಿಸಿದ. ಸಾಹುಕಾರ ಕೆಂಡವಾದ. ಅಟ್ಟಕ್ಕೆ ಹೊಗೆ ಹಾಕಿಸಿ ಒಂದನ್ನೂ ಉಳಿಸುವುದಿಲ್ಲ ಎಂದ. ಅತ್ತೆ ಅವನ ಕಾಲಿಗೆ ಬೀಳುವುದೊಂದು ಬಾಕಿ.

“ಕೊಲ್ಬೇಡಿ ಧಣಿ. ಸಂಜೆ ಎಲ್ಲಾ ಮೇಯೋಕೆ ಹೋಗ್ತಾವೆ. ಆಗ ಕಿಂಡಿ ಮುಚ್ಚಿಸಿ. ಬೇರೆ ಕಡೆ ಹೋಗಿ ಬದುಕ್ಕೊಳ್ತಾವೆ.”

“ಮರಿಗಳು?” ಎಂದ ಸಾಹುಕಾರ ಒಪ್ಪಿ ಕರೆಸಿದ ಗಾರೆ ಮೇಸ್ತ್ರಿ.

“ತಾಯಿ ಎಲ್ಲಿಗೆ ಹೋದ್ರೂ ಹೊತ್ಕೊಂಡೇ ಹೋಗ್ತಾಳೆ. ನಾನು ಕಣ್ಣಾರೆ ಕಂಡಿಲ್ವಾ?”

ಕಂಡಿದ್ದಳು, ಸುಳ್ಳಲ್ಲ. ಆದರೆ ಬಿದ್ದ ಮರಿಯನ್ನು ಹೊತ್ತೊಯ್ದದ್ದನ್ನಷ್ಟೇ ಕಂಡಿದ್ದಳು. ಮೇಯಲು ಹೋಗುವಾಗ ಮರಿಗಳನ್ನು ಅಟ್ಟದಲ್ಲೇ ಒತ್ತೊತ್ತಾಗಿ ಬಿಟ್ಟು ಹೋಗುತ್ತವೆಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಬಾವಲಿ ಹೊರಬಿದ್ದ ಮೇಲೆ ಅವಳೇ ಕೆಳಗಿನಿಂದ ಕೂಗಿದಳು: “ಎಲ್ಲಾ ಹೋದ್ವು. ಮುಚ್ಚಪ್ಪ.”

ಬೆಳಿಗ್ಗೆ ಕೆಲಸಕ್ಕೆ ಹೋದರೆ, ಮುಚ್ಚಿದ ಕಿಂಡಿಯ ಸುತ್ತ, ಬೆಳಕಿನಲ್ಲೇ, ತಾಯಂದಿರು ಗೋಡೆಗೆ ಕಚ್ಚಿ ಕೂತಿದ್ದವು. ಒಳಗಿನಿಂದ ಮರಿಗಳ ಚೀರಾಟ. ಕಾಗೆಗಳು ಬಂದು ತಾಯಂದಿರನ್ನು ಒಂದೊಂದಾಗಿ ಕಿತ್ತುಕೊಂಡು ಹೋಗುತ್ತಿದ್ದರೂ ಅವು ಕದಲಲಿಲ್ಲ. ನಾನು ಮೇಸ್ತ್ರಿಯನ್ನು ಕರೆಯಲು ಓಡಿದೆ. ಅತ್ತೆ ಪೊರಕೆ ಬೀಸುತ್ತ ಹುಚ್ಚಿಯ ಹಾಗೆ ಕಿರುಚುತ್ತಿದ್ದಳು.

“ಹೋಗ್ರೇ! ನೀವಾದ್ರೂ ಬದುಕ್ರೇ! ಮುಂದಿನ್ವರ್ಷ ಇನ್ನೊಂದು ಹೆರೀರಂತೆ, ಹೋಗ್ರೇ!”

ಮೇಸ್ತ್ರಿ ಗಾರೆ ಒಡೆಯುವಷ್ಟರಲ್ಲಿ ಗೋಡೆಯ ಬುಡದ ತುಂಬ ಹರಿದ ರೆಕ್ಕೆಗಳು. ಒಳಗೆ ಸೇರಿದ ತಾಯಂದಿರು ಬೆರಳೆಣಿಕೆಯಷ್ಟು. ಅದರಲ್ಲಿ ಹರಕಿಯೂ ಇತ್ತು. ಅಟ್ಟದ ಮರಿಗಳಲ್ಲಿ ಹೆಚ್ಚಿನವು ಹಸಿದು ಉದುರಿಹೋದವು.

ಕಾಳಿನ ಮೇಲೊಂದು ತಾಡಪಾಲು ಹೊದಿಸಿದ್ದರೆ ಮುಗಿದುಹೋಗುತ್ತಿತ್ತು. ಅದು ಆಮೇಲೆ ಹೊಳೆಯಿತು ಆ ಮಹಾನುಭಾವ ಸಾಹುಕಾರನಿಗೆ!

ಮರಿಗಳಷ್ಟೇ ಹೋಗಿದ್ದರೆ ಒಂದು ವರ್ಷ ಹಾಳಾಯಿತು ಎಂದುಕೊಳ್ಳಬಹುದಿತ್ತು. ಹೆರುವವರೇ ಹೋದರೆ ಏನು ಮಾಡುವುದು? ಕಿಂಡಿ ತೆರೆದೇ ಇತ್ತು, ಬರುವವರು ವರ್ಷವರ್ಷಕ್ಕೂ ಕಡಿಮೆಯಾದರು. ಮೊದಲು ಮರಿಗಳು ಒಂದರ ಮೈಗೊಂದು ಅಂಟಿಕೊಂಡು ಬೆಚ್ಚಗಿರುತ್ತಿದ್ದವು. ಈಗ ತಾಯಿ ಮೇಯಲು ಹೋದರೆ ಇದ್ದ ನಾಲ್ಕಾರು ಮರಿಗಳು ತಣ್ಣಗಾಗಿ ಬೀಳತೊಡಗಿದವು. ಅತ್ತೆಗೆ ಅನ್ನ ಸೇರುತ್ತಿರಲಿಲ್ಲ. ಹೇಗೂ ಮತ್ತೆ ತುಂಬುತ್ತದೆ, ತುಂಬಲೇಬೇಕು ಎಂದು ಹಟ ಹಿಡಿದು ಬೇಸಿಗೆಗೆ ಕಾಯುತ್ತಿದ್ದಳು.

ಈ ಸಲ ಬಂದದ್ದು ಹರಕಿ ಒಂದೇ. ಅದರ ಮರಿಯೂ ಬಿತ್ತು. ಅತ್ತೆ ಕೋಲು ಎತ್ತಿ ಹಿಡಿದಳು. ಭಾರ ತಾಳದೆ ಹೋದಾಗ ನಾನೂ ಕೈ ಕೊಟ್ಟೆ. ಹರಕಿ ಇಳಿದು ಬಂತು, ಮೂಸಿತು, ಮರಿಯನ್ನು ಅಲ್ಲೇ ಬಿಟ್ಟು ಬರಿಹೊಟ್ಟೆಯಲ್ಲಿ ಹಾರಿಹೋಯಿತು. ಮತ್ತೆ ಅದನ್ನು ಯಾರೂ ಕಾಣಲಿಲ್ಲ.

ನಿನ್ನೆ ಮೇಸ್ತ್ರಿ ಗೋಡೆ ರಿಪೇರಿಗೆ ಬಂದಿದ್ದ. “ಈಗ ಯಾರೂ ಇಲ್ವಲ್ಲಮ್ಮ, ಕಿಂಡಿ ಮುಚ್ಚಿಬಿಡ್ಲಾ?” ಎಂದ.

“ಒಳಗೆ ನೋಡ್ದೆ ಮುಚ್ಬೇಡ” ಎಂದಳು ಅತ್ತೆ.

ಅವನು ಬ್ಯಾಟರಿ ಹಿಡಿದು ಏಣಿ ಹತ್ತಿದ. ಮೂಲೆಮೂಲೆಗೂ ಬೆಳಕು ಬಿಟ್ಟು ಇಳಿದು ಬಂದು, ಏನೂ ಇಲ್ಲವೆಂದು ತಲೆಯಾಡಿಸಿದ.

“ಇನ್ನೊಂದ್ಸಲ ನೋಡಪ್ಪ” ಎಂದು ಅತ್ತೆ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡಳು.